ಶಂಕ್ರವ್ವನ ಮೊಮ್ಮಗಳು ಮಾಡಿದ್ದು

ಅಜ್ಜಿ ಹೇಳುತ್ತಿದ್ದ ಕತೆಯಲ್ಲಿ ಬಡಿಗರ ಹುಡುಗಿಯೊಬ್ಬಳು ಕಟ್ಟಿಗೆಯ ಕುದುರೆ ಮಾಡಿ, ಅದರ ಕಿವಿಯಲ್ಲಿ ಉಸಿರೂದಿ, ಊರ ಅಗಸೆ ಬಾಗಿಲಿಗೆ ಬರುತ್ತಾಳೆ. ಕಾವಲುಗಾರ ಅಡ್ಡ ನಿಲ್ಲುತ್ತಾನೆ: ‘ಇದರ ತಾಯಿ ಯಾರು? ತಾಯಿಲ್ಲದ ಕುದುರೀನ ಒಳಗ ಬಿಡಂಗಿಲ್ಲ.’ ಅಲ್ಲಿಗೆ ಬರುವಷ್ಟರಲ್ಲಿ ನನಗೆ ನಿದ್ದೆ ಹತ್ತಿಬಿಡುತ್ತಿತ್ತು. ಹುಡುಗಿ ಏನೆಂದಳೋ ಬಹಳ ವರ್ಷ ಗೊತ್ತಾಗಲಿಲ್ಲ.

ನನ್ನ ಕುದುರೆ ಉಕ್ಕಿನದು. ವಾರವಿಡೀ ಲಾಸ್ ಏಂಜಲಿಸ್ ಪಕ್ಕದ ಎಲ್ ಸೆಗುಂಡೋದ ಆಫೀಸಿನಲ್ಲಿ ರಾಕೆಟ್ ಭಾಗಗಳ ಚಿತ್ರ ಬಿಡಿಸಿ, ಶನಿವಾರ ಸ್ಯಾನ್ ಡಿಯಾಗೋದ ಮೀರಾ ಮೆಸಾ ಬಡಾವಣೆಯಲ್ಲಿರುವ ಅಪ್ಪನ ಮನೆಯ ಗ್ಯಾರೇಜಿಗೆ ಬಂದು ಪೈಪು ಬಗ್ಗಿಸುತ್ತಿದ್ದೆ. ಎಂಜಿನ್ ಒಂದು ಗುಜರಿ ಬೈಕಿನದು. ಫ್ರೇಮ್ ಮಾತ್ರ ಪೂರ್ತಿ ನನ್ನದು. ಒಂದೊಂದು ವೆಲ್ಡಿಂಗೂ ನನ್ನ ಕೈಯದು. ಆದರೆ ಹೀಗೆ ಮನೆಯಲ್ಲಿ ಹುಟ್ಟಿದ ಬೈಕು ರಸ್ತೆಗಿಳಿಯಬೇಕಾದರೆ ಅಧಿಕಾರಿಯೊಬ್ಬರು ಅದನ್ನು ನೋಡಿ, ಯಾವ ಭಾಗವೂ ಕಳವಿನದಲ್ಲವೆಂದು ಒಪ್ಪಿ, ಹೊಸ ನಂಬರು ಕೊಡಬೇಕು. ಅನುಮಾನ ಬಂದರೆ ಬೈಕು ಅವರ ಹತ್ತಿರವೇ ಉಳಿಯುತ್ತದೆ.

ನಮ್ಮ ಮನೆಯಲ್ಲಿ ಹೆಸರಿಲ್ಲದ ವಸ್ತುವಿಲ್ಲ. ಅಜ್ಜಿ ಊರಿನಿಂದ ಹೊತ್ತು ತಂದ ತಾಟು, ತಂಬಿಗೆ, ಚಮಚ ಎಲ್ಲದರ ಮೇಲೂ ಚುಕ್ಕಿಚುಕ್ಕಿಯಾಗಿ ಕೊರೆದ ಅಜ್ಜನ ಹೆಸರು: ಶೇಖಪ್ಪ. ಒಮ್ಮೆ ತಂಬಿಗೆ ತಿಕ್ಕುತ್ತ ಅಜ್ಜಿ ಅಂದಿದ್ದಳು: “ಜನ್ಮ ಪೂರ್ತಿ ತಿಕ್ಕಿದಾಕಿ ನಾನು. ನನ್ನ ಹೆಸರ ಒಂದ್ ಚಮಚದ ಮ್ಯಾಲೂ ಇಲ್ಲ ನೋಡು.”

ಅದಕ್ಕೇ ಫ್ರೇಮ್ ಮುಗಿದ ದಿನ, ಹ್ಯಾಂಡಲ್ ಕೂರುವ ಕುತ್ತಿಗೆಯ ಪೈಪಿನ ಮೇಲೆ ಕೊರೆಯುವ ಮಿಷನ್ನಿನಿಂದ ಚುಕ್ಕಿ ಹಾಕಿದೆ: ‘ಶಂಕ್ರವ್ವನ ಮೊಮ್ಮಗಳು ರಚನಾ ಮಾಡಿದ್ದು.’ ಬೈಕು ಕಂಪನಿಗಳು ಫ್ರೇಮಿನ ನಂಬರು ಒತ್ತುವುದೂ ಸರಿಯಾಗಿ ಅದೇ ಜಾಗದಲ್ಲಿ. ಅದು ನೆನಪಾಗುವಷ್ಟರಲ್ಲಿ ಕೊನೆಯ ಚುಕ್ಕಿ ಬಿದ್ದಾಗಿತ್ತು.

ತಪಾಸಣೆಗೆ ಸ್ಯಾನ್ ಡಿಯಾಗೋದಲ್ಲಿ ದಿನ ಸಿಗಲಿಲ್ಲ, ಲಾಸ್ ಏಂಜಲಿಸ್‌ನಲ್ಲಿ ಸಿಕ್ಕಿತು. ಬೈಕು ಸಾಗಿಸಲು ಪಿಕಪ್ ತಂದವರು ಅಪ್ಪನ ಗೆಳೆಯ ಬಸವಪ್ರಸಾದ್ ಅಂಕಲ್. ಹಗ್ಗ ಬಿಗಿಯುವಾಗ ಅವರ ಕಣ್ಣು ಹೆಸರಿನ ಮೇಲೆ ಬಿತ್ತು.

“ಹೆಸರ ಹಾಕಾಕ ಇದೇನ್ ಮದುವಿ ಕೊಡಪಾನ ಏನ್ ತಂಗಿ? ನಂಬರ್ ಅಳಿಸಿ ಏನೋ ಗೀಚ್ಯಾರ ಅಂತಾರ. ಗ್ರೈಂಡರ್ ತಗೊಂಡು ಉಜ್ಜಿಬಿಡು.”

“ಉಜ್ಜಿದ್ರೆ ಆವಾಗ ನಿಜವಾಗ್ಲೂ ಅಳಿಸಿದಂಗಾಗುತ್ತೆ, ಅಂಕಲ್.”

“ಹಟಮಾರಿ. ಥೇಟ್ ನಿಮ್ಮಜ್ಜಿ.”

“ಥ್ಯಾಂಕ್ಸ್ ಅಂಕಲ್. ಹಗ್ಗ ಇನ್ನೊಂಚೂರು ಎಳೀರಿ.”

ಅಧಿಕಾರಿಯ ಎದೆಯ ಪಟ್ಟಿಯ ಮೇಲೆ ಓರ್ಟೇಗಾ ಎಂದಿತ್ತು. ಬಿಲ್ಲುಗಳನ್ನು ನೋಡಿದರು, ಎಂಜಿನ್ ನಂಬರು ತಾಳೆ ಹಾಕಿದರು. ಆಮೇಲೆ ಕುತ್ತಿಗೆಯ ಬಳಿ ಬಗ್ಗಿದವರು ಮೇಲೇಳಲೇ ಇಲ್ಲ.

“ಇದೇನು?”

“ಹೆಸರು.”

“ಇದರ ಕೆಳಗೆ ಏನಿತ್ತು?”

“ಉಕ್ಕು.”

ಅವರು ನಗಲಿಲ್ಲ. “ನಂಬರಿನ ಜಾಗದಲ್ಲಿ ನನಗೆ ಓದಲು ಬರದ ಬರಹ. ಹೀಗಿದ್ದರೆ ಗಾಡಿಯನ್ನು ಇಲ್ಲೇ ನಿಲ್ಲಿಸಿಕೊಳ್ಳಬೇಕಾಗುತ್ತದೆ.”

ಅಂಕಲ್ ನನ್ನ ತೋಳು ಜಗ್ಗಿದರು. “ಸಾರಿ ಅನ್ನು. ಹುಡುಗಾಟಿಕಿ ಆತು ಅನ್ನು.”

ನಾನು ಸಾರಿ ಅನ್ನಲಿಲ್ಲ. ಚೀಲದಿಂದ ಉಕ್ಕಿನ ಸ್ಕೇಲು ತೆಗೆದು ಅವರ ಮುಂದೆ ಹಿಡಿದೆ. “ಒತ್ತಿದ ನಂಬರು ಆಳವಾಗಿರುತ್ತೆ. ಅದನ್ನ ಅಳಿಸೋಕೆ ಉಜ್ಜಿದ್ರೆ ಅಲ್ಲಿ ತಗ್ಗು ಬೀಳಲೇಬೇಕು. ಪೈಪಿನುದ್ದಕ್ಕೂ ಈ ಸ್ಕೇಲು ಇಟ್ಟು ನೋಡಿ. ಸ್ಕೇಲಿನ ಅಡಿಯಿಂದ ಬೆಳಕು ತೂರಿದ್ರೆ ಬೈಕು ನಿಮ್ಮದು.”

ಓರ್ಟೇಗಾ ಸ್ಕೇಲು ಇಟ್ಟು ಹಿಂದಿನಿಂದ ಟಾರ್ಚು ಬಿಟ್ಟರು. ಸ್ಕೇಲು ಸರಿಸುತ್ತ ಪೈಪಿನ ಸುತ್ತಲೂ ಇಟ್ಟು ನೋಡಿದರು. ಎಲ್ಲಿಯೂ ಬೆಳಕು ತೂರಲಿಲ್ಲ. ಹೆಬ್ಬೆರಳಿನಿಂದ ಚುಕ್ಕಿಗಳನ್ನು ಸವರಿದರು.

“ಏನು ಬರೆದಿದೆ?”

ಓದಿ, ಅರ್ಥ ಹೇಳಿದೆ.

“ಶಂಕ್ರವ್ವನೂ ವೆಲ್ಡರಾ?”

“ಅಲ್ಲ. ಕತೆ ಹೇಳ್ತಾರೆ.”

“ಹಾಗಾದರೆ ಇದನ್ನು ತಯಾರಿಸಿದವರು?”

ಅಗಸೆಯಲ್ಲಿ ನಿಂತ ಹುಡುಗಿಯ ಉತ್ತರ ಆಗ ನನ್ನ ಬಾಯಿಗೆ ಬಂತು. ಅದೇನು ದೊಡ್ಡ ಮಾತಲ್ಲ. “ನಾನು,” ಅಂದೆ.

ಹೊಸ ನಂಬರಿನ ಪುಟ್ಟ ತಗಡನ್ನು ಅವರು ಹೆಸರಿನ ಮೇಲೇ ಇಡಲು ಹೋದರು. ನಾನು ಅಂಗೈ ಅಡ್ಡ ಹಿಡಿದೆ. “ಆ ಕಡೆಗೆ ಹಾಕಿ. ಈ ಕಡೆ ಜಾಗ ಇಲ್ಲ.”

“ಶಿವನೇ,” ಎಂದರು ಅಂಕಲ್, ಕಣ್ಣು ಮುಚ್ಚಿಕೊಂಡು.

ಓರ್ಟೇಗಾ ನನ್ನ ಅಂಗೈಯನ್ನು ನೋಡಿದರು, ಮುಖವನ್ನು ನೋಡಿದರು. ಆಮೇಲೆ ಬೈಕನ್ನು ಸುತ್ತುಹಾಕಿ ಆ ಕಡೆಗೆ ಹೋಗಿ ತಗಡು ಬಡಿದರು.

ಮೀರಾ ಮೆಸಾಕ್ಕೆ ಬಂದಾಗ ಅಜ್ಜಿ ಗ್ಯಾರೇಜಿನ ಬಾಗಿಲಲ್ಲೇ ಇದ್ದಳು. ಹೆಸರನ್ನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಆಮೇಲೆ ಒಳಗೆ ಹೋದಳು. ಬರುವಾಗ ಕೈಯಲ್ಲಿ ಸಾರಿನ ದೊಡ್ಡ ಚಮಚವಿತ್ತು.

“ನಿನ್ನ ಮಿಷನ್ ತೆಗಿ. ಇದರ ಮ್ಯಾಲ ನನ್ನ ಹೆಸರ ಹಾಕು.”

“ಅಜ್ಜನ ಹೆಸರು ಅಳಿಸ್ಲಾ?”

“ಯಾಕ ಅಳಸ್ತಿ? ಪಾಪ, ಇರ್ಲಿ ಅದು ತನ್ನ ಪಾಡಿಗೆ.” ಅಜ್ಜಿ ಚಮಚವನ್ನು ನನ್ನ ಕೈಗಿಟ್ಟಳು. “ಅದಕ್ಕಿಂತ ದೊಡ್ಡದ ಹಾಕು.”