ದೀಪ ಹಚ್ಚಿದ ಮೇಲೆ ಹೊಲಿದ ಫ್ರಾಕು

ನಾನು ಒಂದು ಫ್ರಾಕು. ಈಗ ನೋಡಿದವರು ಫ್ರಾಕು ಅನ್ನಲಿಕ್ಕಿಲ್ಲ, ಅದು ಬೇರೆ ಮಾತು. ಬೆಟಗೇರಿಯ ಒಂದು ಓಣಿಯಲ್ಲಿ, ಎರಡು ಜಾತಿಯ ಬಟ್ಟೆ ಕೂಡಿ ನಾನು ಹುಟ್ಟಿದೆ. ಮೇಲಿನ ಮೈ ಹಳದಿ ಬನಿಯನ್ ಬಟ್ಟೆ. ಮನೆಯ ಯಜಮಾನನಿಗೆ ಯಾರೋ ಕೊಟ್ಟ ಟೀ ಶರ್ಟು ಅವನ ಹೊಟ್ಟೆಗೆ ಸಾಲದೆ ಹೊಸದಾಗಿಯೇ ಉಳಿದಿತ್ತು. ಕೆಳಗಿನ ಘೇರು ಗುಳೇದಗುಡ್ಡದ ಕೆಂಪು ಖಣ, ಅವನ ಹೆಂಡತಿ ಕಮಲಾಕ್ಷಿಗೆ ತವರಿನವರು ಉಡಿ ತುಂಬಿದಾಗ ಕೊಟ್ಟದ್ದು. ಬನಿಯನ್ ಬಟ್ಟೆ ಎಳೆದ ಕಡೆ ಹೋಗುತ್ತದೆ, ಖಣ ಸತ್ತರೂ ಜಗ್ಗುವುದಿಲ್ಲ. ಇಂಥ ಎರಡನ್ನು ಒಂದೇ ಹೊಲಿಗೆಯಲ್ಲಿ ಕೂಡಿಸುವುದೆಂದರೆ ಅತ್ತೆ-ಸೊಸೆಯನ್ನು ಒಂದೇ ಒಲೆಯ ಮುಂದೆ ಕೂರಿಸಿದ ಹಾಗೆ. ಆ ಮನೆಯಲ್ಲಿ ಅದೂ ನಡೆದಿತ್ತು ಬಿಡಿ.

ಕಮಲಾಕ್ಷಿ ಓಣಿಯ ಹೆಂಗಸರ ಕುಪ್ಪಸಗಳನ್ನೆಲ್ಲ ಹೊಲಿಯುತ್ತಿದ್ದಳು. ಕೈ ಒಳ್ಳೆಯದು. ಆದರೆ ಬನಿಯನ್ ಬಟ್ಟೆಗೆ ಕೈ ಹಚ್ಚಿದ್ದು ನನ್ನಿಂದಲೇ ಮೊದಲು. ಐದು ವರ್ಷದ ಮಗಳು ಸೃಷ್ಟಿ ಮರುದಿನ ಶಾಲೆಯ ಗ್ಯಾದರಿಂಗಿನಲ್ಲಿ ಕುಣಿಯುವವಳಿದ್ದಳು. ಹಳದಿ-ಕೆಂಪು ಬಣ್ಣದ್ದೇ ಬೇಕೆಂದು ಟೀಚರು ಹೇಳಿ ಕಳಿಸಿದ್ದರು. ಹುಡುಗಿ ಬೆಳಗಿನಿಂದ ಮಷಿನ್ನಿನ ಕಾಲು ಹಿಡಿದುಕೊಂಡು ಕೂತಿದ್ದಳು. "ಅವ್ವಾ, ಗಿರಕಿ ಹೊಡದ್ರ ಇದು ಉಬ್ಬತೈತಿ ಹೌದಲ್ಲ?" ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು.

ಮಷಿನ್ನಿನಲ್ಲಿದ್ದದ್ದು ಕುಪ್ಪಸಕ್ಕೆ ಹಾಕುವ ಸಣ್ಣ ಸೂಜಿ. ನನ್ನ ಹಳದಿ ಮೈಮೇಲೆ ಅದು ಒಂದು ಹೊಲಿಗೆ ಹಾಕಿ ಎರಡು ಬಿಟ್ಟು ಓಡುತ್ತಿತ್ತು. ಬಟ್ಟೆಯನ್ನು ಹಿಂದಿನಿಂದ ಜಗ್ಗಿ ಹಿಡಿದರೆ ಸರಿಯಾಗುತ್ತದೆಂದು ಕಮಲಾಕ್ಷಿ ಜಗ್ಗಿದಳು. ಸೂಜಿ ಬಾಗಿದ್ದು ಅವಳಿಗೆ ಕಾಣಲಿಲ್ಲ, ನನಗೆ ಗೊತ್ತಾಯಿತು. ಅಷ್ಟರಲ್ಲಿ ಹೊತ್ತು ಮುಳುಗಿತು.

ಅತ್ತೆ ಬಸಲಿಂಗವ್ವ ದೇವರ ಜಗಲಿಯ ಮೇಲೆ ದೀಪ ಹಚ್ಚಿ ಈಚೆ ಬಂದಳು. "ಕಮಲಾ, ದೀಪಾ ಹಚ್ಚೀನಿ. ಮಷಿನ್ ನಿಂದರಸು."

"ಸೊಂಟದ ಹೊಲಿಗಿ ಒಂದ ಉಳದೈತ್ರಿ ಅತ್ತಿ. ನಾಳೆ ಬೇಕು."

"ಹಗಲೆಲ್ಲಾ ಏನ್ ಮಾಡ್ತಿದ್ದಿ?"

ಕಮಲಾಕ್ಷಿ ಪೆಡಲ್ ತುಳಿದಳು. ಖಣದ ದಪ್ಪ ದಡಿಯ ಮೇಲೆ ಬಂದಾಗ ಟಕ್ ಎಂದಿತು. ಸೂಜಿಯ ಮೇಲಿನ ತುಂಡು ಮಷಿನ್ನಿನಲ್ಲೇ ಉಳಿಯಿತು. ಕಣ್ಣಿರುವ ತುಂಡು ದಾರಕ್ಕೆ ಜೋತು ಬಿತ್ತು. ಅದಕ್ಕೆ ಮೊನೆ ಇರಲಿಲ್ಲ.

"ಅತ್ತಿ, ಸೂಜಿ..."

"ಹೊತ್ತು ಮುಳುಗಿದ ಮ್ಯಾಲೆ ಅದರ ಹೆಸರು ತಗೀಬ್ಯಾಡಂತ ಎಷ್ಟ ಸಲ ಹೇಳಬೇಕು ನಿನಗ?"

ಕಮಲಾಕ್ಷಿ ಬಾಯಿ ಮುಚ್ಚಿದಳು. ನೆಲ ತಡವಿದಳು, ಮಡಿಲು ಕೊಡವಿದಳು. ಕಡೆಗೆ ಕಸಬರಿಗೆಗೆ ಕೈ ಹಾಕಿದರೆ ಅದಕ್ಕೂ ಬೈಗುಳ ಬಂತು. "ದೀಪಾ ಹಚ್ಚಿದ ಮ್ಯಾಲೆ ಕಸಾ ಹೊಡೀತಾರೇನು? ಲಕ್ಷ್ಮಿನ್ನ ಹೊರಗ ಹಾಕಾವಳೇನು ನೀ?" ನೆಲದ ಮೇಲೆಯೇ ಬಿದ್ದಿರಬೇಕು, ಮುಂಜಾನೆ ಕಸದಲ್ಲಿ ಸಿಗುತ್ತದೆ ಎಂದುಕೊಂಡು ಅವಳು ಬೇರೆ ಸೂಜಿ ಹಾಕಿ ಹೊಲಿಗೆ ಮುಗಿಸಿದಳು. ಮೊನೆ ನೆಲದ ಮೇಲಿರಲಿಲ್ಲ. ನನ್ನ ಸೊಂಟದಲ್ಲಿ, ದಡಿಯ ಮಡಿಕೆಯೊಳಗೆ ಅಡ್ಡಡ್ಡ ಮಲಗಿತ್ತು. ಹೊಸ ಹೊಲಿಗೆ ಅದರ ಮೇಲೆಯೇ ಬಂದು ಬಾಗಿಲು ಮುಚ್ಚಿತು. ಹೆಸರು ತೆಗೆಯದಿದ್ದರೆ ವಸ್ತು ಇಲ್ಲವಾಗುತ್ತದೆಯೇ? ಆ ಮನೆಯಲ್ಲಿ ಹಾಗೆಂದು ನಂಬಿಕೊಂಡು ಎಲ್ಲರೂ ಉಂಡು ಮಲಗಿದರು.

ಮುಂಜಾನೆ ಕಮಲಾಕ್ಷಿ ಏಳುವುದರೊಳಗೆ ಬಸಲಿಂಗವ್ವ ಕಸ ಗುಡಿಸಿ ತಿಪ್ಪೆಗೆ ಹಾಕಿ ಬಂದಿದ್ದಳು. "ಕಸದಾಗ ಏನರ ಮಿಂಚಿತೇನ್ರಿ ಅತ್ತಿ?" ಎಂದರೆ, "ನನ್ನ ಕಣ್ಣಿಗೇನ್ ಕಾಣತೈತಿ?" ಎಂದಳು. ಅಲ್ಲಿಗೆ ಆ ದಾರಿ ಮುಚ್ಚಿತು. ಕಮಲಾಕ್ಷಿ ನನ್ನನ್ನು ಒಳಹೊರಗು ಮಾಡಿ ಬೆರಳಿಂದ ಒತ್ತಿ ಒತ್ತಿ ನೋಡಿದಳು. ಖಣದ ದಡಿ ಮೊದಲೇ ಗಡಸು, ಅದರೊಳಗಿನ ಗಡಸು ಅವಳ ಬೆರಳಿಗೆ ಹತ್ತಲಿಲ್ಲ. ಹೊತ್ತಾಯಿತೆಂದು ಹುಡುಗಿ ಒಳಬನಿಯನ್ನಿನಲ್ಲಿ ನಿಂತು ಅಳುತ್ತಿದ್ದಳು. ಕಮಲಾಕ್ಷಿ ನನ್ನ ಅಂಚಿಗೆ ಅರಿಸಿನ ಹಚ್ಚಿ ಅವಳಿಗೆ ತೊಡಿಸಿದಳು.

ಸೃಷ್ಟಿ ಕುಣಿದಳು, ನಾನು ಉಬ್ಬಿದೆ. ಜನ ಚಪ್ಪಾಳೆ ತಟ್ಟಿದರು. ಅಂಥ ಸಂತೋಷ ನನಗೆ ಮತ್ತೆ ಬರಲಿಲ್ಲ, ಅಂಥ ಭಯವೂ ಬರಲಿಲ್ಲ. ಪ್ರತಿ ಗಿರಕಿಗೂ ಆ ಮೊನೆ ಖಣದ ಹಿಡಿತದಿಂದ ಜಾರಿ ನನ್ನ ಮೆತ್ತನೆಯ ಹಳದಿ ಬಟ್ಟೆಯ ಕಡೆ ತಿರುಗುತ್ತಿತ್ತು. ಹಿಡಿದುಕೊಳ್ಳಬೇಕೆಂದರೆ ನನಗೆ ಕೈಗಳಿರಲಿಲ್ಲ. ಮನೆಗೆ ಬರುವಾಗ ಹುಡುಗಿ ಸೊಂಟ ತುರಿಸಿಕೊಂಡು, "ಅವ್ವಾ, ಇರಿವಿ ಕಡೀತು" ಎಂದಳು.

ಕಮಲಾಕ್ಷಿ ನಡುಬೀದಿಯಲ್ಲೇ ನನ್ನನ್ನು ಎತ್ತಿ ನೋಡಿದಳು. ಸಾಸಿವೆಯಷ್ಟು ರಕ್ತ. ಮನೆಯಲ್ಲಿ ಬಸಲಿಂಗವ್ವ, "ಅಷ್ಟ ಮಂದಿ ಮುಂದ ಕುಣಿಸಿದ್ರ ದೃಷ್ಟಿ ಆಗಲಾರದ ಬಿಡತೈತೇನು?" ಎಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಕಮಲಾಕ್ಷಿ ನೋಡುತ್ತ ನಿಂತಳು. ಹೇಳಬೇಕೆಂದು ಬಾಯಿ ತೆರೆದದ್ದನ್ನು ನಾನು ಕಂಡಿದ್ದೇನೆ. ಆದರೆ ಗೊತ್ತಿದ್ದೂ ಮಗುವಿಗೆ ತೊಡಿಸಿದೆಯಾ ಎಂದರೆ ಏನು ಹೇಳುವುದು? ಅವಳು ನನ್ನನ್ನು ಟ್ರಂಕಿನ ತಳಕ್ಕೆ ಹಾಕಿ, ಬಿಗಿಯಾಗಿದೆ ಎಂದು ಮಗಳಿಗೆ ಸುಳ್ಳು ಹೇಳಿದಳು. ಸೊಂಟ ಬಿಚ್ಚಲು ಕೂತರೆ ಯಾಕೆಂದು ಅತ್ತೆ ಕೇಳುತ್ತಾಳೆ. ಉಡಿಯ ಖಣವನ್ನು ಸುಡುವಂತಿಲ್ಲ, ಬಿಸಾಡುವಂತಿಲ್ಲ.

ಮುಂದೆ ನಾದಿನಿ ಗಂಗವ್ವ ತನ್ನ ಮಗಳಿಗೆಂದು ನನ್ನನ್ನು ಬಾಯಿಬಿಟ್ಟು ಕೇಳಿದಳು. ಕಮಲಾಕ್ಷಿ ಕೊಡಲಿಲ್ಲ, ಯಾಕೆಂದು ಹೇಳಲೂ ಇಲ್ಲ. "ಒಂದು ಹಳೇ ಫ್ರಾಕಿಗೆ ಇಷ್ಟು ಜೀವಾ ಬಿಡತಾಳಲ್ಲ" ಎಂದು ಗಂಗವ್ವ ಓಣಿಯ ತುಂಬ ಆಡಿಕೊಂಡಳು. ಜಿಪುಣಿ ಎಂಬ ಹೆಸರು ಕಮಲಾಕ್ಷಿಗೆ ಅಂಟಿತು. ಅವಳು ಅದನ್ನು ಹೊತ್ತುಕೊಂಡಳು, ಟ್ರಂಕಿಗೆ ಬೀಗ ಹಾಕಿದಳು. ಕತ್ತಲಲ್ಲಿ ನಾನೂ ಮೊನೆಯೂ ಇಬ್ಬರೇ. ಅದಕ್ಕೆ ತುಕ್ಕು ಹಿಡಿಯುತ್ತಿತ್ತು.

ವರ್ಷಗಳು ಹೋದವು. ಸೃಷ್ಟಿ ಮದುವೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಕಮಲಾಕ್ಷಿ ಮಗಳ ಜೊತೆ ಆಸ್ಪತ್ರೆಯಲ್ಲಿದ್ದಾಗ, ಮೊಮ್ಮಗಳ ಕೂಸಿಗೆ ಹಳೆಯ ಅರಿವೆಯ ಕೌದಿ ಹೊಲಿಯಬೇಕೆಂದು ಬಸಲಿಂಗವ್ವ ಕೀಲಿ ಹುಡುಕಿಸಿ ಟ್ರಂಕು ತೆರೆಸಿದಳು. ನನ್ನನ್ನು ಕಂಡು ಮುದುಕಿಯ ಮುಖ ಅರಳಿತು. "ನಮ್ಮ ಸೃಷ್ಟಿ ಕುಣಿದ ಅರಿವಿ ಇದು" ಎಂದು ನೆರೆಯವಳಿಗೆ ತೋರಿಸಿದಳು. ನನ್ನ ತೋಳು ಹೋಯಿತು, ಘೇರು ಹೋಯಿತು. ಸೊಂಟದ ಹೊಲಿಗೆಯನ್ನು ಮಾತ್ರ ಬಿಚ್ಚದೆ, ಹಳದಿಯೂ ಕೆಂಪೂ ಕೂಡಿದ ಆ ತುಂಡನ್ನೇ ಕೌದಿಯ ನಟ್ಟನಡುವೆ ಇಟ್ಟಳು, ಕೂಸಿನ ಬೆನ್ನು ಬರುವ ಕಡೆ. ಹೊಲಿಯುವಾಗ ಮೊನೆ ಅವಳ ಹೆಬ್ಬೆರಳಿಗೆ ತಾಗಿತು. ತನ್ನದೇ ಸೂಜಿ ಚುಚ್ಚಿತೆಂದು ಅವಳು ಬೆರಳು ಚೀಪಿ ಮುಂದೆ ಹೊಲಿದಳು. ಕೌದಿಯನ್ನು ಮಡಚಿ, ತೊಟ್ಟಿಲ ದಿನವೇ ತೆಗೆಯುವುದೆಂದು ಬಚ್ಚಿಟ್ಟಳು.

ಆ ದಿನ ಸಂಜೆ ದೀಪ ಹಚ್ಚಿದ ಮೇಲೆ ಓಣಿಯ ಮುತ್ತೈದೆಯರೆಲ್ಲ ಸೇರಿದರು. ನನ್ನನ್ನು ತೊಟ್ಟಿಲಲ್ಲಿ ಹಾಸಿದರು. ಕೂಸು ಗಂಗವ್ವನ ಕೈಯಲ್ಲಿತ್ತು. ಹಾಡು ನಡೆದಿತ್ತು. ಕೂಸನ್ನು ನನ್ನ ಕಡೆ ಇಳಿಸುತ್ತಿದ್ದಾಗ ಕಮಲಾಕ್ಷಿ ಆರತಿ ಹಿಡಿದು ಅಡುಗೆಮನೆಯಿಂದ ಬಂದಳು. ಅವಳ ಕಣ್ಣು ನನ್ನ ಹಳದಿಯ ಮೇಲೆ ಬಿತ್ತು. ಆರತಿಯನ್ನು ನೆಲಕ್ಕಿಟ್ಟು ಬಂದು ತೊಟ್ಟಿಲಿಗೆ ಅಡ್ಡ ಕೈ ಚಾಚಿದಳು.

"ಮಲಗಸಬ್ಯಾಡ್ರಿ. ಅದರಾಗ ಸೂಜಿ ಐತಿ."

ಹಾಡು ನಿಂತಿತು. "ಯವ್ವಾ, ಇದೆಂಥಾ ಮಾತು ಈ ಹೊತ್ತಿನ್ಯಾಗ" ಎಂದಳು ಯಾರೋ.

"ಕಮಲಾ, ಬಾಯಿ ಮುಚ್ಚು" ಎಂದಳು ಬಸಲಿಂಗವ್ವ.

"ಮುಚ್ಚೂದಿಲ್ರಿ ಅತ್ತಿ. ಸೂಜಿ ಐತಿ. ಸೃಷ್ಟಿಗೆ ಕಡಿದಿದ್ದು ಇರಿವಿ ಅಲ್ಲ, ಸೂಜಿ. ಗಂಗವ್ವಾ, ನಿನ್ನ ಮಗಳಿಗೆ ಕೊಡಲಿಲ್ಲಲ್ಲ, ಅದಕ್ಕ ಕೊಡಲಿಲ್ಲ."

ಅವಳು ಕತ್ತರಿ ತಂದು ನನ್ನ ಸೊಂಟ ಸೀಳಿದಳು. ಕಂದು ಬಣ್ಣದ ಮೊನೆ ಅವಳ ಅಂಗೈಗೆ ಬಿತ್ತು. ಗಂಗವ್ವ ಕೂಸನ್ನು ಎದೆಗೆ ಒತ್ತಿಕೊಂಡಳು. ಬಸಲಿಂಗವ್ವ ಆ ಮೊನೆಯನ್ನು ನೋಡಿದಳು, ತನ್ನ ಹೆಬ್ಬೆರಳನ್ನು ನೋಡಿಕೊಂಡಳು.

"ಅವತ್ತ ಯಾಕ ಹೇಳಲಿಲ್ಲ ನೀ?"

"ಹೇಳಾಕ ಬಂದಿದ್ದೆ ರೀ."

ಮುದುಕಿ ತಿರುಗಿ ಜಗಲಿಯ ಕಡೆ ನೋಡಿದಳು. ದೀಪ ಉರಿಯುತ್ತಿತ್ತು. ಕಡೆಗೆ ಕೌದಿಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು, ಎಲ್ಲರಿಗೂ ಕೇಳುವ ಹಾಗೆ, "ಕಮಲಾ, ಒಂದು ಸೂಜಿ ಕೊಡು. ಹರದಿದ್ದನ್ನ ಹೊಲೀತೀನಿ" ಎಂದಳು.

ಈಗ ನಾನು ಒಂದು ತುಂಡು, ನಡುವೆ ಮುದುಕಿಯ ಸೊಟ್ಟ ಹೊಲಿಗೆ. ಕೂಸು ನನ್ನ ಮೇಲೆ ಮಲಗುತ್ತದೆ, ಉಚ್ಚೆ ಹೊಯ್ಯುತ್ತದೆ, ನಗುತ್ತದೆ. ನನ್ನೊಳಗೆ ಈಗ ಏನೂ ಇಲ್ಲ. ಆದರೂ ಮಲಗಿಸುವ ಮೊದಲು ಕಮಲಾಕ್ಷಿಯ ಬೆರಳು ಆ ಹೊಲಿಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುತ್ತದೆ. ಅದು ದಾಟಿ ಹೋಗುವ ತನಕ ನಾನೂ ಉಸಿರು ಹಿಡಿದಿರುತ್ತೇನೆ.