ಮಾಳಿಗೆ ಹತ್ತುವ ಮುನ್ನ

ಮುನೀರೋದ್ದೀನ ಮಾಸ್ತರರು ತಮ್ಮದೇ ಮನೆಯ ಮಾಳಿಗೆ ಹತ್ತುವ ಮೊದಲು ಮೆಟ್ಟಿಲ ನಡುವೆ ನಿಂತು, ಕೊರಳು ಸರಿಪಡಿಸಿಕೊಂಡು, 'ಪರದಾ' ಎಂದು ದೀರ್ಘವಾಗಿ ಕೂಗುತ್ತಾರೆ, ಕೂಗಿ, ನಿಲ್ಲುತ್ತಾರೆ. ಬೀದರಿನ ಹಳೆಯ ಓಣಿಗಳಲ್ಲಿ ಮನೆಗಳು ಒಂದಕ್ಕೊಂದು ಭುಜ ತಾಗಿಸಿಕೊಂಡಿರುವುದರಿಂದ ಒಬ್ಬರ ಮಾಳಿಗೆಯ ಮೇಲೆ ನಿಂತರೆ ಇನ್ನೊಬ್ಬರ ಅಂಗಳವೆಲ್ಲ ಕಾಣುತ್ತದೆ; ಮೇಲೆ ಗಂಡಸು ಬರುತ್ತಿದ್ದಾನೆಂದು ತಿಳಿದು ಕೆಳಗಿನ ಹೆಂಗಸರು ಸೆರಗು ಸರಿಪಡಿಸಿಕೊಳ್ಳಲಿ, ಒಳಗೆ ಹೋಗುವವರು ಹೋಗಲಿ ಎಂದು ಹಿಂದಿನವರು ಮಾಡಿಕೊಂಡ ಏರ್ಪಾಡು ಇದು. ಆದರೆ ಪಕ್ಕದ ಮನೆ ಈಗ ಮನೆಯಾಗಿ ಉಳಿದಿಲ್ಲ, ಸಿಮೆಂಟು ಚೀಲಗಳ ಗೋದಾಮಾಗಿದೆ. ಅಲ್ಲಿ ಪರದೆ ಪಾಲಿಸಬೇಕಾದವರು ಯಾರಾದರೂ ಇದ್ದರೆ ಇಲಿಗಳು ಮಾತ್ರ. ಮಾಸ್ತರರು ಇಲಿಗಳಿಗೂ ಅಷ್ಟೇ ಅವಕಾಶ ಕೊಡುತ್ತಾರೆ. ಅವರ ಪಾರಿವಾಳಗಳು ಜೋಳದ ಕಾಳಿಗಾಗಿ ಮೇಲೆ ರೆಕ್ಕೆ ಬಡಿಯುತ್ತಿದ್ದರೂ ಅವರು ಮೆಟ್ಟಿಲ ಮೇಲೆ ಕಾಯುತ್ತಲೇ ಇರುತ್ತಾರೆ.

ಔರಾದಿನ ಉರ್ದು ಶಾಲೆಯೊಂದರಲ್ಲಿ ಬಹುಕಾಲ ಕನ್ನಡ ಕಲಿಸಿ ನಿವೃತ್ತರಾದ ಅವರದು ಕೃಶ ಶರೀರ, ಗೋಡೆಯ ಅಂಚಿಗೆ ಅಂಟಿಕೊಂಡಂತೆ ಸಾಗುವ ನಡಿಗೆ. ಓಣಿಯ ತಿರುವು ಬಂದಾಗಲೆಲ್ಲ ಆಚೆ ಇರುವವರಿಗೆ ತಿಳಿಯಲೆಂದು ಒಂದು ಸಣ್ಣ ಕೆಮ್ಮು. ಬೇಸಿಗೆಯಲ್ಲೂ ಬಿಡದ ಕಂದು ಕೋಟಿನ ಒಳಜೇಬಿನಲ್ಲಿ ಫೋನು, ಅದರ ಮುಖ ಎದೆಯ ಕಡೆಗೆ. ಎದ್ದರೂ ಕೂತರೂ ಅವರ ಬಾಯಲ್ಲಿ ಒಂದೇ ಮಾತು: 'ಇಜಾಜತ್ ಅದ ಏನ್ರಿ?' ಅನುಮತಿ ಸಿಗದೆ ಅವರು ಚಹಾದ ಕಪ್ಪನ್ನೂ ತುಟಿಗಿಡುವುದಿಲ್ಲ. ಹೆಂಡತಿ ಅಜೀಜಾ ಬೇಗಂ ಇದರಿಂದ ಎಷ್ಟು ರೋಸಿಹೋಗಿದ್ದಾರೆಂದರೆ, 'ಉಸಿರಾಡ್ಲಿಕ್ಕೂ ಕೇಳ್ತಾರ್ರಿ ಇವ್ರು' ಎಂದು ಬಂದವರ ಮುಂದೆಲ್ಲ ದೂರುತ್ತಾರೆ.

ಇಂಥವರಿಗೆ ಒಂದು ಬ್ಲಾಗು ಇತ್ತು ಎಂದರೆ ನಂಬುವುದು ಕಷ್ಟ. ಪಾರಿವಾಳಗಳ ಬಗ್ಗೆ, ತಮ್ಮ ನಿಜ ಹೆಸರಿನಲ್ಲೇ, ಅಚ್ಚುಕಟ್ಟಾದ ಕನ್ನಡದಲ್ಲಿ ಬರೆಯುತ್ತಿದ್ದರು. ನಾನು ಭಾಲ್ಕಿಯವಳು, ಅದೇ ತಾಣದಲ್ಲಿ 'ತೊಗರಿಹೂ' ಎಂಬ ಹೆಸರಿನ ಮರೆಯಲ್ಲಿ ಬರೆಯುತ್ತಿದ್ದೆ. ನಾವಿಬ್ಬರೂ ಪರಸ್ಪರರ ಓದುಗರು, ಮುಖ ಕಂಡವರಲ್ಲ. ನನ್ನ ಬರಹದ ಕೆಳಗೆ ಅವರು 'ತೊಗರಿಹೂ ಅವರೇ, ಅಪ್ಪಣೆಯಿದ್ದರೆ ಒಂದು ಮಾತು' ಎಂದೇ ಆರಂಭಿಸುತ್ತಿದ್ದರು.

ನಾನು ಬರೆಯುತ್ತಿದ್ದದ್ದು ಪಾರಿವಾಳದಂಥ ಹಗುರ ವಿಷಯವಲ್ಲ. ತುಂಬು ಬಸಿರು ಕಳೆದುಕೊಂಡ ಮೇಲೆ ನನ್ನ ಮನಸ್ಸು ಪಾತಾಳಕ್ಕಿಳಿದಿತ್ತು. ಬೀದರಿನ ಮನೋವೈದ್ಯರೊಬ್ಬರಲ್ಲಿ ಚಿಕಿತ್ಸೆ ನಡೆದಿತ್ತು. ಗಂಡ ಸಂಘಪಾಲನಿಗೆ ಎಲ್ಲವೂ ಗೊತ್ತಿತ್ತು. ಅತ್ತೆ ಭಾಗೀರಥಿಬಾಯಿಯವರಿಗೆ ಮಾತ್ರ ಕಂಪ್ಯೂಟರ್ ತರಬೇತಿಗೆ ಹೋಗುತ್ತೇನೆಂದು ಹೇಳಿದ್ದೆವು. ಹುಚ್ಚಿನ ಡಾಕ್ಟರು ಎಂಬ ಒಂದೇ ಮಾತು ಮನೆಯ ಮರ್ಯಾದೆಯನ್ನೂ ಅವರ ಕಣ್ಣಲ್ಲಿ ನನ್ನ ಬೆಲೆಯನ್ನೂ ತೊಳೆದುಹಾಕೀತೆಂಬ ಭಯ ನನಗೆ. ಆ ಭಯವನ್ನೂ ನಾನು ಬ್ಲಾಗಿನಲ್ಲಿ ಬರೆದುಕೊಂಡಿದ್ದೆ.

ಒಂದು ದಿನ ಆ ತಾಣಕ್ಕೆ ಹೊಸ ಹುರುಪು ಬಂತು. ಬರೆಯುತ್ತಿದ್ದ ಪುಟದ ಮೇಲೆ ಒಂದು ಚೌಕ ಎದ್ದು ನಿಂತು, ನಿಮ್ಮ ಬ್ಲಾಗನ್ನು ನಿಮ್ಮ ಬೇರೆ ಖಾತೆಗಳಿಗೆ ಜೋಡಿಸಲೇ ಎಂದು ಕೇಳಿತು. ಒಲೆಯ ಮೇಲೆ ಕುಕ್ಕರು ಕೂಗುತ್ತಿತ್ತು. ಎದುರಿಗಿನ ಅಡ್ಡಿ ತೊಲಗಲೆಂದು ಕಂಡದ್ದನ್ನು ಒತ್ತಿದೆ. ಅಷ್ಟೇ ಸಾಕಾಯಿತು. ಭಾಲ್ಕಿಯ ನೆರೆಹೊರೆ, ಔರಾದಿನ ನನ್ನ ತವರಿನ ಬಳಗ, ಎಲ್ಲರೂ ನೆರೆದಿರುವ ಇನ್ನೊಂದು ಜಾಲತಾಣಕ್ಕೆ ತೊಗರಿಹೂವಿನ ಬರಹಗಳು ಸುಮನ ಎಂಬ ನನ್ನ ನಿಜ ಹೆಸರು, ಗಂಡನ ಹೆಸರು, ಮದುವೆಯ ಫೋಟೋ ಸಮೇತ ಹೋಗಿ ಕುಳಿತವು. ನಾನು ಅನ್ನ ಬಸಿದು ನೆಮ್ಮದಿಯಾಗಿದ್ದೆ.

ಮರುದಿನ ಬೀದರಿನಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದವರು ಅಜೀಜಾ ಬೇಗಂ. ಮಾಸ್ತರರ ಫೋನಿನಲ್ಲಿ, ನಿಮಗೆ ಪರಿಚಯದ ತೊಗರಿಹೂ ಇವರೇ ಎಂಬ ಸೂಚನೆ ಬಂತಂತೆ. ಹೆಸರು, ಗಂಡನ ಹೆಸರು, ಊರು ಕಣ್ಣಿಗೆ ಬಿದ್ದವು. ಕೆಳಗೆ ಫೋಟೋ ತೆರೆದುಕೊಳ್ಳುವಷ್ಟರಲ್ಲಿ ಅವರು ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, 'ಆ ಹೆಣ್ಣುಮಗಳ ಪರದಾ ಜಾರ್ಯಾದ' ಎಂದು ಎದ್ದು ನಿಂತರಂತೆ. ಅಲ್ಲೇ ಒಂದು ಸಂದೇಶ ಕಳಿಸಿರೆಂದು ಹೆಂಡತಿ ಹೇಳಿದರೆ, 'ಫೋನ್ ಯಾರ ಕೈಯಾಗ ಇರ್ತದೋ ಏನೋ. ಮುಂದ ನಿಂತೇ ಹೇಳಬೇಕು' ಎಂದರಂತೆ. ಕೋಟು ತೊಟ್ಟು ಭಾಲ್ಕಿಯ ಬಸ್ಸು ಹತ್ತಿದರು. ಸಂಘಪಾಲ ಅವರ ಮನೆ ಯಾವುದೆಂದು ಕೇಳುತ್ತ ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಿಗೆ ಬಂದರು.

ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. 'ಪರದಾ' ಎಂಬ ಕೂಗು ಕೇಳಿತು. ನಮ್ಮ ಮನೆಯಲ್ಲಿ ಯಾವ ತಲೆಮಾರಿನಲ್ಲೂ ಇಲ್ಲದ ಪದ್ಧತಿ ಅದು. ಪಡಸಾಲೆಯಲ್ಲಿ ಬೇಳೆ ಆರಿಸುತ್ತಿದ್ದ ಅತ್ತೆ ಎದ್ದು, 'ಯಾರ್ರಿ ಅದು?' ಎಂದರು.

'ಸುಮನ ಅವರ ಮನಿ ಇದೇ ಏನ್ರಿ?'

'ಹೌದ್ರಿ, ಹೇಳ್ರಿ.'

ಬಾಗಿಲಿಗೆ ಬೆನ್ನು ಮಾಡಿ, ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು ಮಾಸ್ತರರು. ಫೋಟೋ ನೋಡದ ಪುಣ್ಯಾತ್ಮರು, ತಿರುಗಿಯೂ ನೋಡದವರು, ಆ ದನಿಯನ್ನೇ ನನ್ನದೆಂದುಕೊಂಡರು. 'ತಂಗಿ, ನಿಮ್ಮ ಬರಹ ನಿಮ್ಮ ಹೆಸರಿನ ಮ್ಯಾಲ ಎಲ್ಲಾರಿಗಿ ಕಾಣ್ಲತ್ತಾವ್ರಿ. ನೀವು ಮನಸ್ಸಿನ ಡಾಕ್ಟರ ಹತ್ರ ಹೋಗೂದು, ಕೂಸು ಹೋದದ್ದು, ಎಲ್ಲಾ. ಅತ್ತಿಯವರ ಕಿವಿಗಿ ಬೀಳೂ ಮೊದಲು ಆ ಜೋಡಣಿ ತಗದುಬಿಡ್ರಿ. ನಾ ತೊಗರಿಹೂ ಬರದದ್ದು ಓದೀನಿ, ನಿಮ್ಮದು ಓದಿಲ್ರಿ.'

ಒದ್ದೆ ಕೈಯಲ್ಲಿ ಒಳಬಾಗಿಲಿಗೆ ಬಂದ ನನಗೆ ಕಂಡದ್ದು ಎರಡು ಬೆನ್ನುಗಳು: ಹೊಸ್ತಿಲೊಳಗೆ ಅತ್ತೆಯದು, ಆಚೆ ಕಂದು ಕೋಟಿನದು. ಅತ್ತೆ ದನಿಯಲ್ಲಿ ಏನೂ ವ್ಯತ್ಯಾಸವಿಲ್ಲದೆ, 'ಆಯ್ತ್ರಿ ಭಾಯಿಸಾಬ್, ಈಗೇ ತಗೀತೇನಿ. ಬಿಸಲಾಗ ಬಂದೀರಿ, ನೀರು ಕುಡೀರಿ' ಎಂದರು. ಅವರು ನೀರೂ ಕುಡಿಯಲಿಲ್ಲ. 'ಇಜಾಜತ್ ಅದ ಏನ್ರಿ?' ಎಂದು ಕೇಳಿ, ಹೋಗಿ ಬರ್ರಿ ಎನ್ನಿಸಿಕೊಂಡು, ಗೋಡೆಯ ಅಂಚು ಹಿಡಿದು ಹೊರಟುಹೋದರು. ಅಪ್ಪಣೆ ಬೇಡುವ ಆ ರೀತಿಯಿಂದಲೇ ಅವರು ಬೀದರಿನ ಪಾರಿವಾಳದ ಮಾಸ್ತರರೆಂದು ನನಗೆ ಗುರುತು ಸಿಕ್ಕಿತು.

ಅತ್ತೆ ತಿರುಗಿದರು. ಅವರ ಕಣ್ಣು ತುಂಬಿತ್ತು. 'ಗುರುತಿಲ್ಲದವರಿಗೆಲ್ಲಾ ಹೇಳಿದಿ. ನನಗ ಹೇಳಲಿಲ್ಲ' ಎಂದರು. ನಾನು ಗೋಡೆಗೆ ಒರಗಿ ಅತ್ತುಬಿಟ್ಟೆ. ಕೈ ಹಿಡಿದು ಕೂಡಿಸಿ, 'ಮೊದಲ ಅದನ್ನ ತಗಿ. ಆಮ್ಯಾಲ ಮಾತಾಡೂಣು' ಎಂದು ಫೋನನ್ನು ಅವರೇ ತಂದುಕೊಟ್ಟರು.

ಸಂಜೆಗೆ ಔರಾದಿನಿಂದ ಅತ್ತೆಗೆ ಫೋನು ಬಂತು. ನನ್ನ ದೊಡ್ಡಮ್ಮನ ಸೊಸೆ, ಕನಿಕರದ ದನಿಯಲ್ಲಿ ಸುದ್ದಿ ಮುಟ್ಟಿಸುವುದರಲ್ಲಿ ನಿಸ್ಸೀಮಳು, ನಾನು ತೆಗೆದುಹಾಕುವ ಮೊದಲೇ ಓದಿಬಿಟ್ಟಿದ್ದಳು. ಅತ್ತೆ ಅವಳು ಮುಗಿಸುವವರೆಗೂ ಕೇಳಿಸಿಕೊಂಡು, 'ನಮ್ಮ ಮನ್ಯಾಗ ಗೊತ್ತಿದ್ದ ಮಾತೇ ಅದ. ಮುಂದಿನ ಸಲ ನಾನೇ ಕರಕೊಂಡು ಹೋಗ್ತೇನಿ' ಎಂದು ಫೋನಿಟ್ಟರು. ಮಧ್ಯಾಹ್ನದ ಆ ಬೆನ್ನು ನಮ್ಮ ಬಾಗಿಲಿಗೆ ಬಾರದೇ ಹೋಗಿದ್ದರೆ ಆ ಸಂಜೆ ನನ್ನ ಪಾಲಿಗೆ ಹೇಗಿರುತ್ತಿತ್ತೋ ನೆನೆಯಲಾರೆ.

ಮಾತಿನಂತೆ ಅತ್ತೆ ಬಂದರು. ದವಾಖಾನೆ ಮುಗಿಸಿ ಇಬ್ಬರೂ ಕೇಳಿಕೊಂಡು ಮಾಸ್ತರರ ಮನೆಗೆ ಹೋದೆವು. ಅವರು ಮೆಟ್ಟಿಲ ಮೇಲೆ ಇಲಿಗಳ ಉತ್ತರಕ್ಕಾಗಿ ಕಾಯುತ್ತಿದ್ದರು. 'ನಾ ಭಾಲ್ಕಿ ಸುಮನಾರಿ' ಎಂದೆ. ಅವರ ಕೈಯ ಜೋಳದ ಡಬ್ಬಿ ಅಲ್ಲೇ ನಿಂತಿತು.

'ಅವತ್ತ ಕೇಳಿದ ದನಿ ಇದಲ್ರಿ.'

'ಅದು ನಂದು, ಭಾಯಿಸಾಬ್' ಎಂದರು ನನ್ನ ಹಿಂದಿನಿಂದ ಅತ್ತೆ.

ಮಾಸ್ತರರು ಮೆಟ್ಟಿಲ ಮೇಲೆಯೇ ಕುಸಿದು ಕುಳಿತರು. 'ತೋಬಾ, ಎಂಥಾ ಕೆಲಸ ಮಾಡಿದ್ನಿ' ಎಂದು ಹಣೆಗೆ ಕೈ ಹಚ್ಚಿಕೊಂಡರು. ಅತ್ತೆ ಕೆಳಮೆಟ್ಟಿಲಿಗೆ ಹೋಗಿ, 'ನೀವು ಹೇಳದಿದ್ರ ಇಕಿ ಜಲ್ಮದಾಗ ನನಗ ಹೇಳ್ತಿದ್ದಿಲ್ರಿ. ನಿಮಗ ನನ್ನ ಕೈ ಮುಗೀತೇನಿ' ಎಂದರು. ಅಜೀಜಾ ಬೇಗಂ ಮಾತ್ರ ನಗು ತಡೆಯಲಾರದೆ ಚಹಾದ ನೆಪ ಹೇಳಿ ಒಳಗೆ ಹೋದರು.

ಅಲ್ಲಿಂದೀಚೆಗೆ ಬೀದರಿಗೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತೇವೆ. ಮಾಸ್ತರರು ನನ್ನೊಡನೆ ಮಳೆ, ಬಸ್ಸು, ತೊಗರಿಯ ಬೆಳೆ ಎಲ್ಲ ಮಾತಾಡುತ್ತಾರೆ. ಬ್ಲಾಗಿನ ಸುದ್ದಿ ಎತ್ತಿದವರಲ್ಲ. ಒಮ್ಮೆ ಮಾತ್ರ, ನಾನು ಬಹಳ ದಿನ ಏನೂ ಬರೆಯದೇ ಇದ್ದಾಗ, ಪಾರಿವಾಳಗಳ ಕಡೆಗೇ ನೋಡುತ್ತ ಕೇಳಿದರು: 'ತೊಗರಿಹೂ ಅಂತ ಒಬ್ರು ಬರೀತಿದ್ರು. ಈಚಿಗಿ ಬರ್ದಿಲ್ಲ. ಆರಾಮ ಇದ್ದಾರೋ ಇಲ್ಲೋ.'

'ಆರಾಮ ಇದ್ದಾರಂತ್ರಿ' ಎಂದೆ.

'ಶುಕರ್' ಎಂದು ದೇವರನ್ನು ನೆನೆದರು, ಮತ್ತೆ ಕಾಳು ಚೆಲ್ಲಿದರು.

ಈ ಕಾಲದಲ್ಲಿ ಕೇಳುವವರಿಗೇನೂ ಬರವಿಲ್ಲ. ಕೈಯಲ್ಲಿರುವ ಫೋನು ದಿನವೂ ಎಷ್ಟೋ ಸಲ ಅನುಮತಿ ಬೇಡುತ್ತದೆ. ಬೇಡಿದ ಉಸಿರಿನಲ್ಲೇ ಒಳಗೆ ಬಂದು ಕುಳಿತಿರುತ್ತದೆ. ಮಾಸ್ತರರ ಬಗೆಯ ಜನ ಕೇಳಿ, ಉತ್ತರ ಬರುವವರೆಗೂ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ಅವರು ಮಹಾ ಚತುರರೇನಲ್ಲ. ಮರ್ಯಾದೆಗೆಂದು ಬೆನ್ನು ತಿರುಗಿಸಿ ನಿಂತು, ಹೇಳಬಾರದವರಿಗೇ ಎಲ್ಲವನ್ನೂ ಹೇಳಿಬಿಡಬಲ್ಲರು. ಆದರೂ ನನ್ನ ಗುಟ್ಟು ಮುಂದೆಂದಾದರೂ ಯಾರದಾದರೂ ಕೈಗೆ ಬೀಳಲೇಬೇಕೆಂದಿದ್ದರೆ, ಅಂಥವರ ಕೈಗೇ ಬೀಳಲಿ.