ಸುಮ್ಮನಿರದ ಕರ್ಟನ್

ನನ್ನ ಮನೆಯಷ್ಟು ಬುದ್ಧಿವಂತ ಮನೆ ಭೂಮಂಡಲದಲ್ಲಿ ಇನ್ನೊಂದಿಲ್ಲ. ನಾನು ಆಕಳಿಸಿದರೆ ಫ್ಯಾನಿಗೆ ಗೊತ್ತಾಗುತ್ತದೆ. ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆಯ ಚಿತ್ರಗಳನ್ನಿಟ್ಟು ಗೆರೆ ಎಳೆದು ಜೋಡಿಸುತ್ತೇನೆ. ಸೆನ್ಸರಿನ ಅಂಕಿ ಈ ಕಡೆಯಿಂದ ಹರಿದು ಬಂದು, ನಡುವಿನ ಪೆಟ್ಟಿಗೆಯಲ್ಲಿರುವ ನಾನು ಬರೆದ ನಾಲ್ಕು ಸಾಲು ಜಾವಾಸ್ಕ್ರಿಪ್ಟ್ ಕೋಡಿನ ಮಾತು ಕೇಳಿ, ಆ ಕಡೆ ಹೋಗಿ ಮೋಟಾರು ತಿರುಗಿಸುತ್ತದೆ. ಆ ನಾಲ್ಕು ಸಾಲಿಗೆ ಜಗತ್ತಿನ ಅರ್ಧ ಎಂಜಿನಿಯರುಗಳು ಕೈಮುಗಿಯಬೇಕು.

ಕೈಮುಗಿಯದವಳು ನನ್ನ ಹೆಂಡತಿ ಒಬ್ಬಳೇ. ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ. ಹಗಲಿನ ಬೆಳಕಿಗೆ ನಿದ್ದೆ ಹತ್ತದೆ ವಾರವಾಗಿತ್ತು. ಆ ಬೆಳಿಗ್ಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಹಾಸಿಗೆಯ ಅಂಚಿಗೆ ಕುಳಿತಳು. ರಾತ್ರಿ ಒಬ್ಬರ ಔಷಧಿಯನ್ನು ಇನ್ನೊಬ್ಬರಿಗೆ ಕೊಡಲು ಹೋಗಿದ್ದಳಂತೆ, ಜೊತೆಯವಳು ಕೈ ಹಿಡಿದು ತಡೆದದ್ದಕ್ಕೆ ಅನಾಹುತ ತಪ್ಪಿತಂತೆ. ಇವತ್ತೂ ನಿದ್ದೆಯಾಗದಿದ್ದರೆ ವಾರ್ಡಿಗೆ ಕಾಲಿಡಲು ಭಯ ಎಂದಳು.

ನಾನಿರುವಾಗ ಭಯವೇ? ಬಿಸಿಲಿದ್ದರೆ ಕರ್ಟನ್ ಮುಚ್ಚು, ಕತ್ತಲಾದರೆ ತೆರೆ ಎಂದು ಬರೆದು, ಬೆಳಕಿನ ಸೆನ್ಸರನ್ನು ಕಿಟಕಿಯೆದುರಿನ ಕಪಾಟಿಗೆ ಅಂಟಿಸಿದೆ. ಕರ್ಟನ್ ಸರ್ರನೆ ಮುಚ್ಚಿತು. ಅವಳು ಮಲಗಿದಳು. ಸರ್ರನೆ ತೆರೆಯಿತು. ಬಿಸಿಲು ನೇರ ಮುಖಕ್ಕೆ. ಮತ್ತೆ ಮುಚ್ಚಿತು, ಮತ್ತೆ ತೆರೆಯಿತು.

ಸೆನ್ಸರಿನ ಅಂಕಿಗಳು ಕುಣಿಯುತ್ತಿವೆ ಎಂದುಕೊಂಡು ಸರಾಸರಿ ತೆಗೆಯುವ ಕೋಡಿನ ತುಣುಕು ಸೇರಿಸಿದೆ. ಕರ್ಟನ್ ಅದನ್ನೇ ನಿಧಾನವಾಗಿ ಮಾಡಿತು. ಹಿಂದಿನ ಅಂಕಿಯನ್ನು ನೆನಪಿಟ್ಟು ಹೋಲಿಸುವ ತುಣುಕು ಸೇರಿಸಿದೆ. ಅದನ್ನೇ ಯೋಚಿಸಿ ಮಾಡಿತು. ನಾಟಕ ಶುರುವಾಗುವ ಮೊದಲೇ ಅಳಿಯಂದಿರು ಇಷ್ಟು ಸಲ ಪರದೆ ಎಳೆಯುತ್ತಾರಲ್ಲ ಎಂದು ಹೊರಗಿನಿಂದ ಅತ್ತೆ ಅಂದರು. ದೊಡ್ಡ ತಲೆಗಳಿಗೆ ಇಂಥದ್ದು ಕೇಳಿಸುವುದಿಲ್ಲ.

"ರೀ," ಎಂದಳು ಹೆಂಡತಿ, ಕಣ್ಣು ಬಿಡದೆ. "ಕರ್ಟನ್ ಮುಚ್ಚಿದ್ರೆ ರೂಮು ಕತ್ತಲಾಗುತ್ತೆ ತಾನೇ?"

"ಅದಕ್ಕೇ ಅಲ್ವಾ ಮುಚ್ಚೋದು?"

"ಸೆನ್ಸರೂ ರೂಮಲ್ಲೇ ಇದೆ."

ಲ್ಯಾಪ್‌ಟಾಪು ಮಡಚಿದೆ. ಪಾಪದ ಸೆನ್ಸರು, ಮುಚ್ಚಿದಾಗಲೆಲ್ಲ ಸಂಜೆಯಾಯಿತೆಂದೇ ತಿಳಿದಿತ್ತು. ಕೀಳೋಣವೆಂದರೆ ನಾನು ಹಚ್ಚಿದ ಗೋಂದು, ಕಪಾಟೇ ಕಿತ್ತು ಬಂದೀತು. ಮೋಟಾರಿನ ವೈರು ಕಿತ್ತೆ. ಕರ್ಟನ್ ಅರ್ಧಕ್ಕೆ ನಿಂತಿತು. ಕೈಯಲ್ಲಿ ಎಳೆದರೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ಎರಡೂ ಅಂಚು ಕೂಡಿಸಿ ಹಿಡಿದು ನಿಂತೆ.

"ಎಷ್ಟೊತ್ತು ಹಿಡ್ಕೊಂಡಿರ್ತೀರಾ?"

"ಸಂಜೆವರೆಗೂ. ನನ್ನ ಕೈ ಕಬ್ಬಿಣ ಕಣೇ."

ಕಬ್ಬಿಣ ಆಗಲೇ ಬಾಗತೊಡಗಿತ್ತು. ಅವಳ ಕಡೆಯಿಂದ ಗೊರಕೆ ಬಂತು, ಊರಿಗೇ ಕೇಳಿಸುವಂಥದ್ದು. ಅತ್ತೆ ಬಾಗಿಲಲ್ಲಿ ಇಣುಕಿ, ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಸದ್ದಾಗದಂತೆ ಒಂದು ಸ್ಟೂಲು ತಂದು ನನ್ನ ಹಿಂದಿಟ್ಟರು.

ಕುಳಿತೆ. ಅಂಚು ಬಿಡಲಿಲ್ಲ.